ಎಸ್‌ಎಲ್‌ಇಎಸ್ ಪೇಸ್ಟು ಗಂಟು ಕಟ್ಟದ ಹಾಗೆ ಕರಗಿಸಿದ್ದು: ನನ್ನ ಅನುಭವ

ಎಸ್‌ಎಲ್‌ಇಎಸ್ ಅಂದರೆ ಹ್ಯಾಂಡ್‌ವಾಶಿಗೆ ನೊರೆ ಕೊಡುವ ಮೂಲವಸ್ತು. ಬಿಸಿ ಮಾಡದೆ, ರಾತ್ರಿಯಿಡೀ ನೆನೆಹಾಕದೆ ಅದರ 70 ಶೇಕಡಾದ ಪೇಸ್ಟು ನೀರಿನಲ್ಲಿ ಕರಗದು ಎಂದೇ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಹ್ಯಾಂಡ್‌ವಾಶ್ ಮಾಡುವವರೆಲ್ಲ ಹೇಳಿದ್ದು. ಈಗ ನನ್ನಲ್ಲಿ 50 ಲೀಟರಿನ ಬ್ಯಾಚು ತಣ್ಣೀರಿನಲ್ಲೇ ಸುಮಾರು ಒಂದು ಗಂಟೆಯಲ್ಲಿ ತಿಳಿಯಾಗಿ ಇಳಿಯುತ್ತದೆ.

ಮೊದಲ ಮೂರು ಬ್ಯಾಚು ಕೆಟ್ಟದ್ದು ಪೇಸ್ಟಿನ ಮೇಲೆ ಸ್ವಲ್ಪಸ್ವಲ್ಪವೇ ನೀರು ಹೊಯ್ದದ್ದರಿಂದ. 70 ಶೇಕಡಾದಲ್ಲಿ ಪೇಸ್ಟು ಪದರದ ದ್ರವ ಸ್ಫಟಿಕ, ಅಂದರೆ ಹರಿಯಬಲ್ಲದು, ಆದರೆ ಕಣಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಪದರಗಳು ಒಂದರ ಮೇಲೊಂದು ಜಾರುವುದರಿಂದ ಸೌಟಿಗೆ ಬಗ್ಗುತ್ತದೆ. ನೀರು ಕುಡಿದು ಅಂದಾಜು 60ರಿಂದ 30ರ ನಡುವೆ ಬಂದಾಗ ಉದ್ದುದ್ದ ಕೊಳವೆಗಳಾಗಿ, ಜೇನುಗೂಡಿನ ಹಾಗೆ ಷಡ್ಭುಜದಲ್ಲಿ ಒತ್ತಿ ಕೂರುತ್ತದೆ. ತೆಳುವಾಗಬೇಕಾದದ್ದು ಗಟ್ಟಿಯಾಗುವುದು ಇಲ್ಲಿಯೇ. ಇದನ್ನು ಕಲಸಲು ಹೋಗಿ ಡ್ರಿಲ್ಲಿನ ಮೋಟರು ಸುಟ್ಟಿತು, ಸುಮಾರು 1,800 ರೂಪಾಯಿ; ಮಾಲಿನ ಲೆಕ್ಕ ಬೇರೆ, ಮೂರೂ ಸೇರಿ 4,000ದ ಹತ್ತಿರ.

ಈಗ ಮಾಡುವುದು ಹೀಗೆ. 7 ಕಿಲೋ ಪೇಸ್ಟಿಗೆ ಮೊದಲು ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ ಹಾಕಿ ಕೈಯಲ್ಲೇ ನಾದಬೇಕು, ಗ್ಲೌಸ್ ಇರಲಿ. ಅದು ಷಡ್ಭುಜ ಕಟ್ಟುವುದನ್ನು ಸಡಿಲಿಸುತ್ತದೆ. ಅಳತೆ ಬರೆಯುವುದಿಲ್ಲ, ಅದಕ್ಕೆ ನಾಲ್ಕು ತಿಂಗಳು ಹಿಡಿದಿದೆ. ಗ್ಲಿಸರಿನ್ ಹಾಕಿ ನೋಡಿದೆ, ಆ ಕೆಲಸ ಆಗಲಿಲ್ಲ. ಯೂರಿಯಾ ಚೆನ್ನಾಗಿ ಕರಗಿಸಿತು, ಆದರೆ ಎರಡು ತಿಂಗಳಲ್ಲಿ ಅಮೋನಿಯಾ ವಾಸನೆ, ಪಿಎಚ್ ಕೂಡ ಮೇಲೇರಿತು. ನಾದಿದ ಪೇಸ್ಟನ್ನು 36 ಲೀಟರು ನೀರಿಗೆ ನಿಂಬೆಗಾತ್ರದ ತುಂಡುಗಳಾಗಿ ಬಿಡಬೇಕು. ಸುತ್ತ ಇಷ್ಟು ನೀರಿದ್ದರೆ ಗಟ್ಟಿಯಾಗುವ ಆ 60ರಿಂದ 30ರ ಹಂತವನ್ನು ತುಂಡು ಬೇಗ ದಾಟುತ್ತದೆ. ಕೈಯಾಡಿಸುವುದು ನಿಧಾನ, ತಳದಿಂದ. ಬೀಸಿ ಕಲಕಿದರೆ ನೊರೆ ಎದ್ದು ಮರುದಿನವೂ ಇಳಿಯದು. ಆಮೇಲೆ 3 ಕಿಲೋ ಕೊಕೊ ಬೀಟೇನ್, ಇದು ಜೊತೆಗೆ ಹಾಕುವ ಇನ್ನೊಂದು ನೊರೆಯ ವಸ್ತು. ದಪ್ಪ ಬರಿಸುವ ಉಪ್ಪು ಕೊನೆಗೆ, ಪರಿಮಳವೂ ಬಿದ್ದ ಮೇಲೆ. ಮೊದಲೇ ಉಪ್ಪುನೀರು ಮಾಡಿಟ್ಟರೆ ತುಂಡುಗಳ ಹೊರಮೈ ಬಿಗಿದು ಒಳಗಿನದು ಹಾಗೆಯೇ ಉಳಿಯುತ್ತದೆ.

ಕರಗಿತೇ ಎಂದು ಕಣ್ಣಂದಾಜಿನಲ್ಲಿ ಹೇಳಬಾರದು. ಹಾಳಾದ ಕ್ಯಾಲ್ಕುಲೇಟರಿನ ಡಿಸ್‌ಪ್ಲೇ ಮೇಲಿನ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥದ್ದು) ಕಿತ್ತು ಎರಡಾಗಿ ಕತ್ತರಿಸಿ. ಎರಡನ್ನೂ ಒಂದರ ಮೇಲೊಂದಾಗಿ ಬೆಳಕಿಗೆ ಹಿಡಿದು, ಕತ್ತಲಾಗುವವರೆಗೆ ಒಂದನ್ನು ತಿರುಗಿಸಿ, ನಡುವೆ ಗಾಜಿನ ಮೇಲೆ ಒಂದು ತೊಟ್ಟು. ಗಾಜೇ ಬೇಕು, ಪ್ಲಾಸ್ಟಿಕ್ ತಾನೇ ಬಣ್ಣ ತೋರಿಸುತ್ತದೆ. ಗಂಟು ಹೊಳೆದರೆ ಪದರವೋ ಷಡ್ಭುಜವೋ ಉಳಿದಿದೆ. ಕತ್ತಲಾಗಿದ್ದು ಹರಿಯುತ್ತಿದ್ದರೆ ಮುಗಿಯಿತು. ಕತ್ತಲೆಯಾದರೂ ಅಲುಗದೆ ನಿಂತರೆ ಮೋಸಹೋಗಬೇಡಿ, ಅದು ಘನಾಕೃತಿಯ (ಕ್ಯೂಬಿಕ್) ಹಂತ, ಗಟ್ಟಿಯಾಗಿದ್ದರೂ ಹೊಳೆಯದು; ಇನ್ನೂ ನೀರು ಬೇಕು.

ನೀರು ನಮ್ಮ ಸುರಂಗದ್ದು (ಗುಡ್ಡಕ್ಕೆ ಅಡ್ಡಲಾಗಿ ತೋಡಿದ ನೀರಿನ ಸುರಂಗ), ಮೆದು. ಉಪ್ಪಳದ ಕಡಲಬದಿಯ ಬಾವಿನೀರಿನಲ್ಲಿ ಬೇಸಿಗೆಯಲ್ಲಿ ಉಪ್ಪು ಇರುವುದರಿಂದ ಇದೇ ಲೆಕ್ಕ ಅಲ್ಲಿ ನಡೆಯದು. ಬೀಟೇನಿನಲ್ಲೂ ಸುಮಾರು 5 ಶೇಕಡಾ ಉಪ್ಪಿದೆ, ಅಂದರೆ 150 ಗ್ರಾಂ ಆಗಲೇ ಒಳಗಿರುತ್ತದೆ. ಹಾಗಾಗಿ ನಾನು 400 ಗ್ರಾಮಿನಿಂದ ಶುರುಮಾಡಿ 50ರಂತೆ ಏರಿಸುತ್ತೇನೆ. ಒಂದು ಮಟ್ಟ ದಾಟಿತೋ, ದಪ್ಪವಾದದ್ದು ಮತ್ತೆ ನೀರಾಗುತ್ತದೆ. ಆಗ ಉಪ್ಪು ಹಾಕಿದರೆ ಇನ್ನೂ ಕೆಡುತ್ತದೆ, ನಾನು ಉಪ್ಪಿಲ್ಲದ ಬ್ಯಾಚು ಬೆರೆಸುತ್ತೇನೆ. ಮಾರ್ಚಿನ ಸೆಕೆಯಲ್ಲಿ ತೆಳುವೆಂದು ಕಂಡದ್ದು ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳು) ಮಳೆಯ ತಂಪಿಗೆ ಪಂಪಿನಲ್ಲಿ ಏರದಷ್ಟು ದಪ್ಪವಾಗುತ್ತದೆ. ಅದಕ್ಕೇ ಉಪ್ಪು ನಿಲ್ಲಿಸುವ ಮೊದಲು ಒಂದು ಬಾಟಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಒಂದು ಗಂಟೆ ಇಟ್ಟು ನೋಡುತ್ತೇನೆ.