ನಮ್ಮ ಮೊಹಲ್ಲಾದ ಗ್ರಂಥಾಲಯ: ಗೋಡೆ ಒಣಗಿಸಲು ಒಂದು ಬೇಸಿಗೆ

ಮೈಸೂರಿನ ಹಳೇ ಮೊಹಲ್ಲಾದ ಆ ಗ್ರಂಥಾಲಯಕ್ಕೆ ಚಿಕ್ಕಂದಿನಲ್ಲಿ ಪೇಪರ್ ಓದಲು ಹೋಗುತ್ತಿದ್ದೆ. ಹೆಂಚಿನ ಸೂರು, ಇಟ್ಟಿಗೆ ಮತ್ತು ಸುಣ್ಣದ ಗೋಡೆ, ಮುಂದೆ ಜಗಲಿ. ಎಷ್ಟೋ ವರ್ಷದ ಮೇಲೆ ಅದರ ದುರಸ್ತಿ ಕೆಲಸ ನನಗೇ ಬಂತು. ಒಳಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಸೊಂಟದ ಎತ್ತರದವರೆಗೆ ಗೋಡೆ ಒದ್ದೆ. ಕೆಳಗಿನ ಸಾಲಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು.

ಸೂರು ಸೋರುತ್ತೆ, ಅದಕ್ಕೇ ಹೀಗೆ ಅಂದರು ಎಲ್ಲರೂ. ಸೋರುತ್ತಿದ್ದದ್ದು ನಿಜ. ಆದರೆ ಸೋರಿದ ನೀರು ಮೇಲಿಂದ ಇಳಿಯಬೇಕು ಅಲ್ವಾ? ಇಲ್ಲಿ ತೇವ ಕೆಳಗಿನಿಂದ ಹತ್ತಿತ್ತು. ಹೊರಗೆ ಬಂದು ನೋಡಿದೆ. ಟಾರಿನ ಮೇಲೆ ಟಾರು ಬಿದ್ದು ರಸ್ತೆ ಎದ್ದಿತ್ತು, ಒಳಗಿನ ನೆಲ ತಗ್ಗಾಗಿತ್ತು. ಜೊತೆಗೆ ಹಿಂದೆ ಯಾರೋ ಗೋಡೆಯ ಎರಡೂ ಬದಿಗೆ ಸಿಮೆಂಟ್ ಬಳಿದಿದ್ದರು. ಸುಣ್ಣದ ಗಾರೆಯಾದರೆ ಒಳಗಿನ ತೇವ ಹೊರಗೆ ಬಂದು ಆರುತ್ತದೆ. ಸಿಮೆಂಟ್ ಅದನ್ನು ಕೂಡಿ ಹಾಕುತ್ತದೆ, ನೀರು ಇನ್ನಷ್ಟು ಮೇಲೆ ಹತ್ತುತ್ತದೆ.

ಮೊದಲು ಗೋಡೆಯ ಸುತ್ತ ಕಾಲುವೆ ತೋಡಿ, ಜಲ್ಲಿ ತುಂಬಿ, ಮಳೆನೀರಿಗೆ ದಾರಿ ಮಾಡಿದೆವು. ಆಮೇಲೆ ಉಳಿ, ಸುತ್ತಿಗೆ ಹಿಡಿದು ಸಿಮೆಂಟ್ ಬಿಡಿಸಿದೆವು. ಮೆಷಿನ್ ಬೇಡ ಅಂದೆ, ಹಳೇ ಇಟ್ಟಿಗೆ ಮೆತ್ತಗಿರುತ್ತದೆ, ಅದುರಿದರೆ ಒಡೆಯುತ್ತದೆ. ಗೋಡೆ ಆರುತ್ತಾ ಬಂದಂತೆ ಬಿಳಿ ಉಪ್ಪು ಹೂವಿನಂತೆ ಹೊರಗೆ ಬಂತು. ಅದನ್ನು ಒಣ ಬ್ರಷ್‌ನಲ್ಲೇ ಉದುರಿಸಬೇಕು. ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ.

"ಸ್ವಾಮಿ, ಈಗಲೇ ಗಾರೆ ಅನ್ನಬೇಡಿ. ಒಂದು ಬೇಸಿಗೆ ಹೋಗ್ಲಿ" ಅಂದರು ನಮ್ಮ ಹಿರಿಯ ಮೇಸ್ತ್ರಿ. ದುಡ್ಡು ಕೊಟ್ಟವರಿಗೆ ಅವಸರ. ಆದರೂ ಕಾದೆವು. ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಒಳ್ಳೇ ನಿರ್ಧಾರ ಅದೇ.

ಆ ಬೇಸಿಗೆಯಲ್ಲಿ ಸೂರು ಹಿಡಿದೆವು. ಹೆಂಚುಗಳ ಹಿಂಬದಿಯಲ್ಲಿ ಬಾಸೆಲ್ ಮಿಷನ್ ಹೆಸರು, 1865 ಎಂಬ ಅಚ್ಚು. ಕಟ್ಟಡ ಅಷ್ಟು ಹಳೆಯದು ಅಂತ ಓದುಗರಿಗೆಲ್ಲ ಖುಷಿ. ಅದು ಮಂಗಳೂರಿನಲ್ಲಿ ಆ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ಅಂತ ಹೇಳಬೇಕಾಯಿತು. ಒಂದೊಂದು ಹೆಂಚನ್ನೂ ಬೆರಳಿನಿಂದ ತಟ್ಟಿ ನೋಡಿದೆವು. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಸೀಳು. ಕಡಿಮೆ ಬಿದ್ದದ್ದಕ್ಕೆ ಕೆಡವಿದ ಮನೆಗಳ ಹೆಂಚು ಹುಡುಕಿದೆವು. ಬೇರೆ ಕಾರ್ಖಾನೆಯದು ಸರಿಯಾಗಿ ಕಚ್ಚಿ ಕೂರುವುದಿಲ್ಲ, ಅದೇ ಅಚ್ಚಿನದೇ ಬೇಕು. ತೊಲೆಗಳಲ್ಲಿ ಗೆದ್ದಲು ತಿಂದ ತುದಿ ಮಾತ್ರ ಕತ್ತರಿಸಿ ತೇಗದ ತುಂಡು ಜೋಡಿಸಿದೆವು.

ಸುಣ್ಣವನ್ನು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಹಾಕಿದ್ದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಕಲಸಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಮೊದಲು ಬಳಿದ ಭಾಗ ಬಿಸಿಲಿಗೆ ಬೇಗ ಆರಿ ಬಿರುಕು ಬಿಟ್ಟಿತು. ಕೆರೆದು ಮತ್ತೆ ಬಳಿದೆವು, ಈ ಸಲ ಒದ್ದೆ ಗೋಣಿಚೀಲ ಇಳಿಬಿಟ್ಟು. ಸುಣ್ಣ ಗಾಳಿ ಕುಡಿದು ನಿಧಾನವಾಗಿ ಗಟ್ಟಿಯಾಗಬೇಕು. ಅದನ್ನು ಅವಸರ ಮಾಡುವ ಹಾಗಿಲ್ಲ.

ಇಷ್ಟೂ ದಿನ ಜಗಲಿಯಲ್ಲಿ ಪೇಪರ್ ಓದೋದು ಮಾತ್ರ ನಿಲ್ಲಿಸಲಿಲ್ಲ. ಧೂಳಿನ ನಡುವೆಯೂ ಬೆಳಿಗ್ಗೆ ಬರುವ ಹಿರಿಯರು ಬರುತ್ತಲೇ ಇದ್ದರು.

ಈಗ ಎರಡು ಮಳೆಗಾಲ ಕಳೆದಿದೆ. ಹಿಂದಿನ ಮೂಲೆಯಲ್ಲಿ ಇನ್ನೂ ಒಂದು ಅಂಗೈಯಷ್ಟು ತೇವ ಇದೆ. ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟಿದ್ದೇವೆ. ಮಳೆ ಬಂದಾಗೆಲ್ಲ ಹೋಗಿ ಆ ಮೂಲೆಯನ್ನು ಮುಟ್ಟಿ ನೋಡಿ ಬರುತ್ತೇನೆ.