ಮಡಿಕೇರಿಯ ತಂಪಿನಲ್ಲಿ ನಾಲ್ಕು ಪದರದ ತೆಂಗಿನಕಾಯಿ ಕೇಕ್

ತೆಂಗಿನಕಾಯಿ ಕೇಕ್ ಕೆಡುವುದು ಹೆಚ್ಚಾಗಿ ನೀರಿನಿಂದ. ತುರಿಯಲ್ಲಿರುವ ನೀರು, ಕಾಯಿಹಾಲಿನ ನೀರು, ಕಕ್ಕಡ ತಿಂಗಳ (ಜುಲೈ-ಆಗಸ್ಟಿನ ಜಡಿಮಳೆಯ ಕಾಲ) ಗಾಳಿಯಲ್ಲಿರುವ ತೇವ, ಈ ಮೂರನ್ನೂ ಹತೋಟಿಯಲ್ಲಿ ಇಟ್ಟುಕೊಂಡರೆ ಉಳಿದದ್ದು ಕೈಗೆ ಬರುತ್ತದೆ. ಕೊಡಗಿನಲ್ಲಿ ಇದರ ಜೊತೆಗೆ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿ 1,100 ಮೀಟರಿಗಿಂತ ಮೇಲಿದೆ. ಇಲ್ಲಿ ನೀರು ಕುದಿಯುವುದು 96 ಡಿಗ್ರಿಯ ಆಸುಪಾಸಿನಲ್ಲಿ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಹಿಟ್ಟಿನೊಳಗಿನ ಅನಿಲ ಬೇಗ ಹಿಗ್ಗಿ, ಮೈದಾ ಮತ್ತು ಮೊಟ್ಟೆ ಗಟ್ಟಿಯಾಗುವ ಮೊದಲೇ ಕೇಕ್ ಏರಿ ಕುಸಿಯುತ್ತದೆ. ಮಂಗಳೂರಿನಲ್ಲಿ 3 ಟೀ ಚಮಚ ಬೇಕಿಂಗ್ ಪೌಡರ್ ಕೇಳುವ ಅಳತೆಗೆ ನಾನು ಎರಡೂಕಾಲು ಚಮಚ ಮಾತ್ರ ಹಾಕುತ್ತೇನೆ. ಕುಶಾಲನಗರ ಇದಕ್ಕಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ಎರಡೂವರೆ ಸರಿಹೋಗುತ್ತದೆ.

ಮೊದಲು ಕಾಯಿ. ಮಧ್ಯಮ ಗಾತ್ರದ ಬಲಿತ ಕಾಯಿ ಮೂರು ಬೇಕು. ಒಡೆದ ಕೂಡಲೇ ಪ್ರತಿಯೊಂದರ ನೀರನ್ನೂ ರುಚಿ ನೋಡಿ. ನೀರು ಹುಳಿಯಾಗಿದ್ದರೆ ಆ ಕಾಯಿ ಬೇಡ. ಒಲೆಗೆ ಹೋದ ಮೇಲೆ ಆ ಕಮಟು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ತುರಿಯುವ ಮಣೆಯಲ್ಲಿ ಕಂದು ಸಿಪ್ಪೆ ಕಾಣುವ ಮೊದಲೇ ನಿಲ್ಲಿಸಿ, ಬಿಳಿ ತುರಿಯನ್ನು ಬೇರೆ ತೆಗೆದಿಡಿ. ಅದರಲ್ಲಿ 230 ಗ್ರಾಂ ಹೂರಣಕ್ಕೂ ಹೊರಗಿನ ಅಲಂಕಾರಕ್ಕೂ ಮೀಸಲು. ಉಳಿದದ್ದರಲ್ಲಿ ಕಂದು ಬೆರೆತದ್ದನ್ನೂ ಸೇರಿಸಿ ಸುಮಾರು 500 ಗ್ರಾಂ ತೆಗೆದುಕೊಂಡು, 400 ಮಿಲಿ ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ 500 ಮಿಲಿಯಷ್ಟು ಗಟ್ಟಿ ಹಾಲು ಸಿಗುತ್ತದೆ. ಅರ್ಧ ಕೇಕಿಗೆ, ಅರ್ಧ ಕಸ್ಟರ್ಡಿಗೆ. ಎರಡನೆಯ ಹಾಲು ಇದಕ್ಕೆ ಆಗದು. ಹಿಂಡಿ ಉಳಿದ ತುರಿಯನ್ನು ಕೇಕಿಗೆ ಹಾಕಬೇಡಿ, ಅದರಲ್ಲಿ ರುಚಿಯಿಲ್ಲ, ನಾರು ಮಾತ್ರ ಇರುತ್ತದೆ.

ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಳೆಗಾಲದ ಮಡಿಕೇರಿಯ ಅಡುಗೆಮನೆ ಅದಕ್ಕಿಂತ ತಣ್ಣಗಿರುತ್ತದೆ. ಹಾಲು ಹಿಂಡಿ ಹಾಗೇ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ, ಅದನ್ನು ಕಲಸಿದರೆ ಹಿಟ್ಟಿನಲ್ಲಿ ಕೊಬ್ಬಿನ ಕಾಳು ಉಳಿದು ಬೆಂದ ಕೇಕಿನಲ್ಲಿ ಎಣ್ಣೆಯ ಚುಕ್ಕೆಗಳಾಗುತ್ತವೆ. ಆದ್ದರಿಂದ ಹಾಲಿನ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು, ಬೆರಳಿಗೆ ಬಿಸಿಯೂ ತಣ್ಣಗೂ ಅನಿಸದಷ್ಟು ಉಗುರುಬೆಚ್ಚಗೆ ಮಾಡಿ, ಕದಡಿಯೇ ಬಳಸಬೇಕು. ಮೊಟ್ಟೆಯನ್ನೂ ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿಡಿ.

ಕೇಕಿಗೆ: ಮೈದಾ 260 ಗ್ರಾಂ, ಕಾರ್ನ್‌ಫ್ಲೋರ್ 40 ಗ್ರಾಂ, ಪುಡಿ ಮಾಡಿದ ಸಕ್ಕರೆ 270 ಗ್ರಾಂ, ಬೇಕಿಂಗ್ ಪೌಡರ್ ಎರಡೂಕಾಲು ಟೀ ಚಮಚ, ಉಪ್ಪು ಅರ್ಧ ಚಮಚ, ಉಪ್ಪಿಲ್ಲದ ಬೆಣ್ಣೆ 180 ಗ್ರಾಂ, ಮೊಟ್ಟೆ 3, ಕಾಯಿಹಾಲು 250 ಮಿಲಿ, ವೆನಿಲಾ ಒಂದು ಚಮಚ. ಏಲಕ್ಕಿ ನಮ್ಮ ತೋಟಗಳಲ್ಲಿ ಎಷ್ಟೇ ಬೆಳೆದರೂ ಇದಕ್ಕೆ ಹಾಕುವುದಿಲ್ಲ. ಅದರ ಮುಂದೆ ಕಾಯಿಯ ಪರಿಮಳ ನಿಲ್ಲುವುದಿಲ್ಲ.

ಬೆಣ್ಣೆ ಮತ್ತು ಸಕ್ಕರೆ ಮೊದಲು ನೊರೆಯೇಳುವಂತೆ ಕಲಸುವ ಪದ್ಧತಿಯನ್ನು ಪದರದ ಕೇಕಿಗೆ ನಾನು ಬಿಟ್ಟಿದ್ದೇನೆ. ಒಣ ಪದಾರ್ಥಗಳನ್ನೆಲ್ಲ ಜರಡಿ ಹಿಡಿದು, ಮೆತ್ತಗಿನ ಬೆಣ್ಣೆಯನ್ನು ಅದಕ್ಕೇ ಸೇರಿಸಿ, ಒರಟು ರವೆಯ ಹದ ಬರುವವರೆಗೆ ಬೀಟರಿನಲ್ಲಿ ನಿಧಾನಕ್ಕೆ ತಿರುಗಿಸುತ್ತೇನೆ. ಬೆಣ್ಣೆ ಮೈದಾದ ಸುತ್ತ ಅಂಟಿಕೊಳ್ಳುವುದರಿಂದ ಹಿಟ್ಟು ಜಿಗುಟಾಗುವುದಿಲ್ಲ, ಮೇಲ್ಮೈ ಗುಮ್ಮಟವಾಗದೆ ಮಟ್ಟಸವಾಗಿ ಏಳುತ್ತದೆ, ಅಡ್ಡ ಕತ್ತರಿಸಿದಾಗ ಪುಡಿ ಉದುರುವುದು ಕಡಿಮೆ. ಇನ್ನೂ ಒಂದು ಅನುಕೂಲವಿದೆ. ಸಾಮಾನ್ಯ ಓಟಿಜಿಯಲ್ಲಿ (ಮನೆಬಳಕೆಯ ಚಿಕ್ಕ ಕರೆಂಟು ಒಲೆ) 8 ಇಂಚಿನ ಟಿನ್ ಒಂದೇ ಹಿಡಿಯುತ್ತದೆ. ಪೂರ್ತಿ ಕಲಸಿದ ಹಿಟ್ಟು ಕಾಯುತ್ತಾ ಕುಳಿತರೆ ಉಬ್ಬುವ ಶಕ್ತಿ ಇಳಿಯುತ್ತದೆ, ಈ ರವೆಹದದ ಮಿಶ್ರಣ ಮಾತ್ರ ನಿಶ್ಚಿಂತೆಯಿಂದ ಕಾಯುತ್ತದೆ. ಅದನ್ನು ತೂಗಿ ಎರಡು ಪಾಲು ಮಾಡಿ. ಮೂರು ಮೊಟ್ಟೆಗೆ 100 ಮಿಲಿ ಕಾಯಿಹಾಲು ಮತ್ತು ವೆನಿಲಾ ಸೇರಿಸಿ ಕದಡಿಟ್ಟುಕೊಳ್ಳಿ. ಒಂದು ಪಾಲಿಗೆ 75 ಮಿಲಿ ಕಾಯಿಹಾಲು ಹಾಕಿ ಒಂದೂವರೆ ನಿಮಿಷ ಬೀಟ್ ಮಾಡಿ, ನಂತರ ಮೊಟ್ಟೆಯ ಮಿಶ್ರಣದ ಅರ್ಧವನ್ನು ಎರಡು ಸಲಕ್ಕೆ ಹಾಕಿ. ಪ್ರತಿ ಸಲಕ್ಕೂ 20 ಸೆಕೆಂಡು ಸಾಕು. ಎರಡನೆಯ ಪಾಲನ್ನು ಮೊದಲ ಟಿನ್ ಹೊರಬರುವ ಹೊತ್ತಿಗೆ ಕಲಸಿ.

ತಳಕ್ಕೆ ಬಟರ್ ಪೇಪರ್ ಹಾಕಿದ ಟಿನ್‌ನಲ್ಲಿ, ಮೊದಲೇ ಕಾಯಿಸಿದ 180 ಡಿಗ್ರಿಯ ಒಲೆಯಲ್ಲಿ 30ರಿಂದ 33 ನಿಮಿಷ. ಮೊದಲ 20 ನಿಮಿಷ ಬಾಗಿಲು ತೆರೆಯಬಾರದು. ಮಳೆಗಾಲದಲ್ಲಿ ಕರೆಂಟು ಹೋದರೂ ಅಷ್ಟೇ, ಕೊನೆಯ ಹತ್ತು ನಿಮಿಷದಲ್ಲಿ ಹೋದರೆ ಮುಚ್ಚಿದ ಒಲೆಯ ಬಿಸಿಯಲ್ಲೇ ಬಹುಮಟ್ಟಿಗೆ ಬೆಂದುಕೊಳ್ಳುತ್ತದೆ. ಥರ್ಮಾಮೀಟರ್ ಚುಚ್ಚಿ ನೋಡುವವರು ನಡುಭಾಗ 98 ಡಿಗ್ರಿ ಮುಟ್ಟಲಿ ಎಂದು ಕಾಯಬೇಡಿ. ನಮ್ಮ ಎತ್ತರದಲ್ಲಿ 94ಕ್ಕೇ ಬೆಂದಿರುತ್ತದೆ, ಕಾದರೆ ಅಂಚು ಒಣಗುತ್ತದೆ.

ಒಳಗಿನ ಕಸ್ಟರ್ಡಿಗೆ 4 ಮೊಟ್ಟೆಯ ಹಳದಿ, 60 ಗ್ರಾಂ ಸಕ್ಕರೆ, 25 ಗ್ರಾಂ ಕಾರ್ನ್‌ಫ್ಲೋರ್, 250 ಮಿಲಿ ಕಾಯಿಹಾಲು. ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಳ ಬಿಡದೆ ಕೈಯಾಡಿಸಿ. ಗಟ್ಟಿಯಾಯಿತೆಂದು ಕೂಡಲೇ ಇಳಿಸುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು. ಗುಳ್ಳೆ ಎದ್ದ ಮೇಲೂ ಪೂರ್ತಿ ಒಂದು ನಿಮಿಷ ಕುದಿಯಬೇಕು. ಹಳದಿಯಲ್ಲಿರುವ ಒಂದು ಕಿಣ್ವ ಹಾಗೇ ಉಳಿದರೆ ಪಿಷ್ಟವನ್ನು ಒಡೆದು, ರಾತ್ರಿ ಗಟ್ಟಿಯಾಗಿದ್ದ ಕಸ್ಟರ್ಡ್ ಬೆಳಿಗ್ಗೆ ನೀರಾಗಿರುತ್ತದೆ. ಇಳಿಸಿ 80 ಗ್ರಾಂ ತುರಿ ಬೆರೆಸಿ, ಮೇಲ್ಮೈಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ತಣಿಸಿ.

ಉಳಿದ 4 ಬಿಳಿಯಿಂದ ಕ್ರೀಮ್. ಸಕ್ಕರೆ ಪಾಕ ಮತ್ತು ಮೊಟ್ಟೆಯ ಬಿಳಿಯ ಬರಿಯ ನೊರೆಯನ್ನು ಡಿಸೆಂಬರಿನ ಒಣ ಹವೆಯಲ್ಲಿ ಮಾಡಬಹುದು, ಜುಲೈಯಲ್ಲಿ ಅದು ಗಾಳಿಯ ತೇವ ಹೀರಿ ಬೆವರುತ್ತದೆ. ಬೆಣ್ಣೆ ಸೇರಿದ್ದೇ ಭದ್ರ. ಬಿಳಿಗೆ 200 ಗ್ರಾಂ ಸಕ್ಕರೆ ಹಾಕಿ, ಹಬೆಯ ಮೇಲೆ 71 ಡಿಗ್ರಿವರೆಗೆ ಕದಡಿ. ಬೆರಳಲ್ಲಿ ಉಜ್ಜಿದರೆ ಹರಳು ಸಿಗಬಾರದು. ಪಾತ್ರೆ ತಣ್ಣಗಾಗುವವರೆಗೆ ಬೀಟ್ ಮಾಡಿ, 270 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ತುಂಡುತುಂಡಾಗಿ ಸೇರಿಸಿ. ಮನೆಯಲ್ಲಿ ಕಡೆದ ಬೆಣ್ಣೆ ಬೇಡ, ಅದರಲ್ಲಿ ನೀರೂ ಹುಳಿಯೂ ಹೆಚ್ಚು. ನಮ್ಮಲ್ಲಿ ಬೆಣ್ಣೆ ತಣ್ಣಗಿರುವುದರಿಂದ ಕ್ರೀಮ್ ಒಡೆಯುವುದು ಸಾಮಾನ್ಯ. ಚೆಲ್ಲಬೇಡಿ, ಪಾತ್ರೆಯ ತಳವನ್ನು ಐದಾರು ಸೆಕೆಂಡು ಹಬೆಗೆ ಹಿಡಿದು ಮತ್ತೆ ಬೀಟ್ ಮಾಡಿದರೆ ಕೂಡಿಕೊಳ್ಳುತ್ತದೆ.

ಅಲಂಕಾರಕ್ಕಿಟ್ಟ 150 ಗ್ರಾಂ ತುರಿಯನ್ನು ಸಣ್ಣ ಉರಿಯ ಬಾಣಲೆಯಲ್ಲಿ ಬಣ್ಣ ತಿರುಗದಂತೆ ಏಳೆಂಟು ನಿಮಿಷ ಆಡಿಸಿ, ಹಿಂಡಿದರೆ ಮುದ್ದೆಯಾಗದಷ್ಟು ಒಣಗಿಸಿ. ಹಸಿ ತುರಿ ಮೆತ್ತಿದ ಕೇಕ್ ಮರುದಿನಕ್ಕೇ ಹಳಸು ವಾಸನೆ ಬರುತ್ತದೆ. ಅಂಗಡಿಯ ಒಣ ಕೊಬ್ಬರಿ ಪುಡಿ ಕೆಡುವುದಿಲ್ಲ ನಿಜ, ಆದರೆ ಅಗಿಯುವಾಗ ಹೊಟ್ಟು.

ಪೂರ್ತಿ ತಣ್ಣಗಾದ ಎರಡೂ ಕೇಕನ್ನು ಅಡ್ಡ ಸೀಳಿ ನಾಲ್ಕು ಪದರ ಮಾಡಿ. ಕೆಳಗಿನ ಮೂರಕ್ಕೆ ಅಂಚಿನಲ್ಲಿ ಕ್ರೀಮಿನ ಕಟ್ಟೆ ಹಾಕಿ, ಒಳಗೆ ಕಸ್ಟರ್ಡನ್ನು ಅರ್ಧ ಇಂಚಿಗಿಂತ ಕಡಿಮೆ ಹರಡಿ. ಕಟ್ಟೆಯಿಲ್ಲದಿದ್ದರೆ ಮೇಲಿನ ಭಾರಕ್ಕೆ ಹೂರಣ ಹೊರಬಂದು ಪದರ ಜಾರುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ತೆಳ್ಳಗೆ ಒಂದು ಬಳಿ, ಮತ್ತೆ ತಣಿಸಿ, ದಪ್ಪಗೆ ಇನ್ನೊಂದು ಬಳಿ. ಕ್ರೀಮ್ ಮೆತ್ತಗಿರುವಾಗಲೇ ಅಂಗೈಯಿಂದ ತುರಿ ಒತ್ತಿ.

ಫ್ರಿಜ್‌ನಲ್ಲಿ ಮುಚ್ಚಿದ ಡಬ್ಬಿಯಲ್ಲಿ ಮೂರು ದಿನ ಇಡಬಹುದು. ತಿನ್ನುವ ಒಂದೂವರೆ ಗಂಟೆ ಮೊದಲು ಹೊರಗಿಡಿ, ಡಬ್ಬಿಯನ್ನು ಮಾತ್ರ ಆಗ ತೆರೆಯಬೇಡಿ. ಮಳೆಗಾಲದ ಗಾಳಿ ತಣ್ಣನೆಯ ಕ್ರೀಮಿಗೆ ತಾಗಿದರೆ ನೀರಹನಿ ಕೂತು ತುರಿ ಒದ್ದೆಯಾಗುತ್ತದೆ. ಮುಚ್ಚಿಟ್ಟರೆ ಆ ಹನಿ ಡಬ್ಬಿಯ ಹೊರಮೈಗೆ ಕೂರುತ್ತದೆ.