ಎಂ45 ಇಳಿಸಿ ಎಂ62 ಏರಿಸಿದೆ: ಮರ್ಸಿಡಿಸ್ ಸಿ200 ಕಾಂಪ್ರೆಸರ್ ಜೊತೆ ನನ್ನ ಅನುಭವ

ನನ್ನ ಮರ್ಸಿಡಿಸ್‌ನ ಎಂ271 ಎಂಜಿನ್‌ಗೆ ಕಂಪನಿಯ ಚಿಕ್ಕ ಎಂ45 ಬದಲು ದೊಡ್ಡ ಎಂ62 ಸೂಪರ್‌ಚಾರ್ಜರ್ (ಬೆಲ್ಟ್‌ನಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಬ್ಲೋವರ್) ಕೂರಲ್ಲ, ಕೂತರೂ ಇಸಿಯು (ಎಂಜಿನ್‌ನ ಕಂಪ್ಯೂಟರ್) ಸುಮ್ನೆ ಬಿಡಲ್ಲ ಅಂತ ಹೇಳಿದವರು ಭಾಳ ಮಂದಿ. ಪುಣೆಯ ಟ್ಯೂನರ್ ಹೇಳಿದರು, ಕೊಲ್ಲಾಪುರದ ಗೆಳೆಯರು ಹೇಳಿದರು, ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ದಿನಾ ಎಂಜಿನ್ ಕೆಲಸ ಮಾಡುವವರೂ ತಲೆ ಅಲ್ಲಾಡಿಸಿದರು. ಈಗ ನನ್ನ ಕಾರು ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಓಡಿದೆ. ಎಚ್ಚರಿಕೆ ದೀಪ ಉರಿದಿಲ್ಲ, ಬೆಲ್ಟ್ ಕಿರುಚಿಲ್ಲ, ಬೂಸ್ಟ್ (ತಳ್ಳಿದ ಗಾಳಿಯ ಒತ್ತಡ) ಕೊನೆಯವರೆಗೆ ನಿಲ್ಲುತ್ತದೆ. ಇದೇ ಕೆಲಸಕ್ಕೆ ಕೈ ಹಾಕಬೇಕು ಅಂತ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಕಾರು 2005ರ, ಡಬ್ಲ್ಯೂ203 ತಲೆಮಾರಿನ ಸಿ200 ಕಾಂಪ್ರೆಸರ್. 1796 ಸಿಸಿ, ಕಂಪನಿ ಲೆಕ್ಕದಲ್ಲಿ 163 ಎಚ್‌ಪಿ, 240 ನ್ಯೂಟನ್ ಮೀಟರ್. ಎಂ271 ಇಟ್ಟುಕೊಂಡವರಿಗೆ ಟೈಮಿಂಗ್ ಚೈನ್ ಬೇಗ ಹಿಗ್ಗುವ ಕಥೆ ಗೊತ್ತೇ ಇದೆ. ಚೈನ್, ವಾಲ್ವ್‌ಗಳ ವೇಳೆ ಹೊಂದಿಸುವ ಎರಡೂ ಕ್ಯಾಮ್ ಅಡ್ಜಸ್ಟರ್ ಹೊಸದು ಹಾಕಿದ ಮೇಲೇ ಉಳಿದ ಕೆಲಸ ಶುರು ಮಾಡಿದೆ. ಹಳೆ ಚೈನ್ ಮೇಲೆ ಬೂಸ್ಟ್ ಏರಿಸುವವರ ಜೊತೆ ನಾನು ಮಾತೇ ಆಡುವುದಿಲ್ಲ.

ಮೊದಲು ಎಲ್ಲರಂತೆ ಎಂ45ಗೇ, ಅದು ಇನ್ನೂ ಜೋರಾಗಿ ತಿರುಗಲಿ ಅಂತ, ಚಿಕ್ಕ ಪುಲ್ಲಿ ಹಾಕಿ ನೋಡಿದ್ದೆ. ಬೆಳಿಗ್ಗೆ ತಂಪಿನಲ್ಲಿ ಕಾರು ಮಸ್ತ್ ಎಳೆಯುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿ ಕಡೆ ಹೆದ್ದಾರಿಗೆ ಇಳಿದರೆ ಎರಡು ಸಲ ಜೋರಾಗಿ ಒತ್ತುವಷ್ಟರಲ್ಲಿ ಇಂಟರ್‌ಕೂಲರ್ (ಗಾಳಿ ತಣಿಸುವ ರೇಡಿಯೇಟರ್) ದಾಟಿ ಬರುವ ಗಾಳಿಯೇ 75 ಡಿಗ್ರಿ. ನಾಕ್ (ಇಂಧನ ಅಡ್ಡಾದಿಡ್ಡಿ ಸಿಡಿಯುವುದು) ಸೆನ್ಸರ್‌ಗೆ ಗೊತ್ತಾಗಿ ಇಸಿಯು ಕಿಡಿಯ ಟೈಮಿಂಗ್ ಹಿಂದೆ ಎಳೆಯುತ್ತದೆ, ಕಾರು ಮೊದಲಿಗಿಂತ ಮಂದ. ಎಂ45 ಒಂದು ಸುತ್ತಿಗೆ 45 ಘನ ಇಂಚು, ಅಂದರೆ ಮುಕ್ಕಾಲು ಲೀಟರ್‌ಗೆ ಸ್ವಲ್ಪ ಕಡಿಮೆ ಗಾಳಿ ತಳ್ಳುತ್ತದೆ. ಎಂ62 ತಳ್ಳುವುದು ಒಂದು ಲೀಟರ್. ಚಿಕ್ಕದು 14 ಸಾವಿರ ಆರ್‌ಪಿಎಂನಲ್ಲಿ ಒದ್ದಾಡಿ ಕೊಡುವ ಗಾಳಿಯನ್ನು ದೊಡ್ಡದು 10 ಸಾವಿರಕ್ಕೇ ಕೊಡುತ್ತದೆ. ಚಿಕ್ಕ ಎತ್ತಿಗೆ ಚಾಟಿ ಹೊಡೆಯುವ ಬದಲು ದೊಡ್ಡ ಎತ್ತು ಕಟ್ಟಿದರೆ ಆಯಿತು, ಅಲ್ವಾ? ನನ್ನ ವಾದ ಮೊದಲಿನಿಂದಲೂ ಇಷ್ಟೇ ಇತ್ತು.

ಎಂ62 ಸಿಕ್ಕಿದ್ದು ಮುಂಬೈನ ಕುರ್ಲಾದಲ್ಲಿ, ಹಳೆ ಮರ್ಸಿಡಿಸ್ ಎಸ್‌ಎಲ್‌ಕೆ 230 ಕಾರಿನಿಂದ ಬಿಚ್ಚಿದ್ದು. 38 ಸಾವಿರಕ್ಕೆ ಮಾತು ಮುಗಿಯಿತು. ಕೊಳ್ಳುವಾಗ ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿದರೆ ಸಾಲದು. ರೋಟರ್‌ಗಳ ಮೇಲಿನ ಕೋಟಿಂಗ್ ಟಾರ್ಚ್ ಹಾಕಿ ನೋಡಿ. ಕೇಸಿಂಗ್ ಒಳಗೆ ಉಜ್ಜಿದ ಗೆರೆ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಬೇರಿಂಗ್, ಸೀಲ್, ಕಪ್ಲರ್, ಆಯಿಲ್ ಎಲ್ಲ ಹೊಸದು ಹಾಕಲು ಇನ್ನೊಂದು 9 ಸಾವಿರ. ಎಸ್‌ಎಲ್‌ಕೆಯಲ್ಲಿ ಬರುವ, ಬೇಡದಾಗ ಬ್ಲೋವರ್ ತಿರುಗದಂತೆ ಬಿಡಿಸುವ ಮ್ಯಾಗ್ನೆಟಿಕ್ ಕ್ಲಚ್ ತೆಗೆದು ಗಟ್ಟಿ ಹಬ್ ಮಾಡಿಸಿದೆ. ನಮ್ಮ ಎಂಜಿನ್‌ನಲ್ಲಿ ಗಾಳಿ ತಿರುಗಿಸಿ ಬಿಡುವ ಫ್ಲ್ಯಾಪ್ ಇರುವುದರಿಂದ ಕ್ಲಚ್ ಬೇಕಾಗಿಲ್ಲ.

ಜೀವ ತಿಂದದ್ದು ಔಟ್‌ಲೆಟ್ ಎಲ್ಬೋ, ಅಂದರೆ ಬ್ಲೋವರ್‌ನಿಂದ ಗಾಳಿ ಹೊರಗೆ ಹೋಗುವ ಬಾಗಿದ ಪೈಪ್. ಎರಡು ಬ್ಲೋವರ್‌ಗಳ ಬಾಯಿ ಒಂದೇ ಕಡೆ ಇಲ್ಲ, ಜಾಗವೂ ಇಲ್ಲ. ವೆಲ್ಡ್ ಮಾಡಿದ ಪೈಪ್ ಬಿಸಿಗೆ ಸೊಟ್ಟಗಾಯಿತು. ಕಾಸ್ಟಿಂಗೇ (ಎರಕ) ಮಾಡಿಸೋಣ ಅಂತ ನಿರ್ಧರಿಸಿದೆ. ಬೆಳಗಾವಿಯಲ್ಲಿ ಫೌಂಡ್ರಿಗೆ ಏನು ಬರ? ಆದರೆ ಇಲ್ಲಿ ಹೆಚ್ಚಿನವರದು ಬೀಡು ಕಬ್ಬಿಣದ ಕೈ. ಒಬ್ಬರು ಎಲ್‌ಎಂ25 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ ಸುರಿದುಕೊಟ್ಟರು. ಜುಲೈ ತಿಂಗಳು, ಹೊರಗೆ ಬಿಡದ ಮಳೆ, ಮರಳಲ್ಲೂ ತೇವ. ತುಂಡು ನೋಡಲು ಚೆನ್ನಾಗಿಯೇ ಇತ್ತು. ಫ್ಲ್ಯಾಂಜ್ (ಬೋಲ್ಟ್ ಕೂರುವ ಅಂಚು) ಮೇಲೆ ಮಿಲ್ಲಿಂಗ್ ಕಟರ್ ಒಂದು ಮಿಲಿಮೀಟರ್ ಇಳಿಯುತ್ತಿದ್ದ ಹಾಗೆ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ಬಾಯಿ ಮುಚ್ಚಿ, ಒಂದು ಬಾರ್ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದರೆ ಬೋಲ್ಟ್ ತೂತಿನ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಕುಡಿಯುತ್ತದೆ, ಗಟ್ಟಿಯಾಗುವಾಗ ಅದನ್ನೇ ಉಗುಳುತ್ತದೆ. ದುಡ್ಡು ಹೋಯಿತು, ಪ್ಯಾಟರ್ನ್ (ಎರಕಕ್ಕೆ ಮಾಡಿದ ಮರದ ಮಾದರಿ) ಮಾತ್ರ ಉಳಿಯಿತು.

ಆಮೇಲೆ ಪ್ಯಾಟರ್ನ್ ಮಾಡಿದ ಮೇಸ್ತ್ರಿಯೇ ದಾರಿ ತೋರಿಸಿದರು. ವಯಸ್ಸಾದವರು, ಕಾರಿನ ಗಂಧ ಇಲ್ಲ, ಆದರೆ ಲೋಹ ಎಲ್ಲಿ ಕೊನೆಗೆ ತಣಿಯುತ್ತದೆ ಅಂತ ಮರದ ತುಂಡು ನೋಡಿಯೇ ಹೇಳುತ್ತಾರೆ. ಫ್ಲ್ಯಾಂಜ್ ತಲೆಯ ಮೇಲೆ ದಪ್ಪ ರೈಸರ್ (ತಣಿದು ಕುಗ್ಗುವಾಗ ಲೋಹ ಒದಗಿಸುವ ಹೆಚ್ಚುವರಿ ಗಡ್ಡೆ) ಕೊಟ್ಟರು, ಒಳಗಿನ ಮೂಲೆಗಳನ್ನು ದುಂಡಗೆ ಮಾಡಿದರು. ಸುರಿಯುವ ಮೊದಲು ಆರ್ಗಾನ್ ಹಾಯಿಸಿ ಲೋಹದಿಂದ ಗ್ಯಾಸ್ ತೆಗೆಸಿದೆ, ಮರಳು ಒಣಗಿಸಿದೆವು. ಆ ತುಂಡು ಇವತ್ತಿಗೂ ಕಾರಿನಲ್ಲಿದೆ, ಎರಡು ಬಾರ್‌ಗೂ ಒಂದು ಗುಳ್ಳೆ ಇಲ್ಲ. ವಿದೇಶದ ಕಿಟ್‌ಗಳಲ್ಲಿ ಬರುವ ಎಲ್ಬೋಗಿಂತ ನಮ್ಮದು ಒಳ್ಳೆಯದು ಅಂತ ಧೈರ್ಯವಾಗಿ ಹೇಳುತ್ತೇನೆ.

ಇನ್ನು ಬೆಲ್ಟ್. ಪುಲ್ಲಿಗಳನ್ನು ಇಲ್ಲೇ ಬೇರೆ ಬೇರೆ ಅಳತೆಯಲ್ಲಿ ತಿರುಗಿಸಿಕೊಂಡೆ. ಉದ್ದುದ್ದ ಗೆರೆಯ ಪಿಕೆ ಬೆಲ್ಟ್‌ನ ಎರಡು ತೋಡುಗಳ ನಡುವಿನ ಅಂತರ 3.56 ಮಿಲಿಮೀಟರ್. ಕತ್ತರಿಸುವ ಇನ್ಸರ್ಟ್ ಸರಿಯಾಗಿ ಉಜ್ಜಿದ್ದರೆ ಲೇತ್‌ನಲ್ಲೇ ಆಗುತ್ತದೆ. ಕಷ್ಟ ಇದ್ದದ್ದು ಹಿಡಿತದಲ್ಲಿ, ಬೆಲ್ಟ್ ಜಾರುತ್ತಿತ್ತು. 5000 ಆರ್‌ಪಿಎಂ ದಾಟುತ್ತಿದ್ದ ಹಾಗೆ ಬೂಸ್ಟ್ 10 ಪಿಎಸ್‌ಐಯಿಂದ 7ಕ್ಕೆ ಕುಸಿಯುತ್ತಿತ್ತು, ಬಾನೆಟ್ ಒಳಗೆಲ್ಲ ಕರಿ ಪುಡಿ. ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಬೆಲ್ಟ್ ಜಾರುವುದು ನಿಂತಿತು, ಆದರೆ ಕೆಲವೇ ವಾರದಲ್ಲಿ ವಾಟರ್ ಪಂಪ್ ಬೇರಿಂಗ್ ಕೂಗತೊಡಗಿತು. ಬಿಗಿ ಹೆಚ್ಚಿಸಿ ಉಪಯೋಗವಿಲ್ಲ, ಪುಲ್ಲಿಯನ್ನು ಬೆಲ್ಟ್ ಅಪ್ಪಿಕೊಳ್ಳುವ ಭಾಗ ಹೆಚ್ಚಬೇಕು. ಒಂದು ಐಡ್ಲರ್ (ಬೆಲ್ಟ್‌ನ ದಾರಿ ತಿರುಗಿಸುವ ಬಿಡಿ ಪುಲ್ಲಿ) ಜಾಸ್ತಿ ಸೇರಿಸಿ ಅದನ್ನು ಹೆಚ್ಚುಕಡಿಮೆ ಅರ್ಧ ಸುತ್ತಿಗೆ ತಂದೆ. ಹಳೆ ಟೆನ್ಷನರ್ ವಾಪಸ್ ಬಂತು, ಸಮಸ್ಯೆ ಹೋಯಿತು. ಐಡ್ಲರ್ ಎಲ್ಲಿ ಕೂತಿದೆ ಅಂತ ಹೇಳಲ್ಲ. ಅದಕ್ಕೆ ತಿಂಗಳುಗಟ್ಟಲೆ ಬಾನೆಟ್ ಕೆಳಗೆ ತಲೆ ಹಾಕಿ ಕೂತಿದ್ದೇನೆ.

ಇಸಿಯು ಸಿಮ್4. ಫ್ಲ್ಯಾಪ್ ಇಷ್ಟು ತೆರೆದಿದ್ದರೆ ಒತ್ತಡ ಇಷ್ಟಿರಬೇಕು ಅಂತ ಅದಕ್ಕೊಂದು ಲೆಕ್ಕ ಇದೆ. ಲೆಕ್ಕ ತಪ್ಪಿದರೆ ಲಿಂಪ್ ಮೋಡ್, ಅಂದರೆ ಎಂಜಿನ್ ಶಕ್ತಿ ಕಡಿಮೆ ಮಾಡಿಬಿಡುತ್ತದೆ. ಪುಣೆಯವರು ಹೆದರಿಸಿದ್ದು ಇದಕ್ಕೇ. ಇಸಿಯುಗೆ ಹೊಸ ಫೈಲ್ ಬರೆದುಕೊಟ್ಟವರ ಜೊತೆ ರಾತ್ರಿಯೆಲ್ಲ ಲಾಗ್ (ಓಟದ ದಾಖಲೆ) ಕಳಿಸಿ, ತಿದ್ದಿಸಿ, ಮತ್ತೆ ಓಡಿಸಿ ಅದನ್ನು ಒಪ್ಪಿಸಿದೆವು. ಇದರಲ್ಲಿ ಫ್ಲ್ಯಾಪ್‌ಗೆ ಮಾಡಿದ ಒಂದು ಚಿಕ್ಕ ಮೆಕ್ಯಾನಿಕಲ್ ಉಪಾಯವೂ ಇದೆ, ಅದೂ ನನ್ನ ಹತ್ತಿರವೇ ಇರಲಿ. ಮೊದಲಿನ ಇಂಜೆಕ್ಟರ್‌ಗಳು ಮೇಲಿನ ಆರ್‌ಪಿಎಂನಲ್ಲಿ 90 ಪರ್ಸೆಂಟ್ ಡ್ಯೂಟಿ ದಾಟುತ್ತಿದ್ದವು, ಅಂದರೆ ಹೆಚ್ಚುಕಡಿಮೆ ತೆರೆದೇ ಇರುತ್ತಿದ್ದವು. 20 ಪರ್ಸೆಂಟ್ ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಇಂಧನವೂ ಜಾಸ್ತಿ ಬೇಕು. ಇಂಜೆಕ್ಟರ್, ಪಂಪ್ ಎರಡೂ ಬದಲಾಯಿಸಿದೆ. ಎಥನಾಲ್‌ಗೆ ಬೈಯುವವರು ಬೈಯಲಿ. ನಮ್ಮದು ಕಬ್ಬಿನ ಜಿಲ್ಲೆ, ಬೂಸ್ಟ್ ಏರಿಸಿದ ಎಂಜಿನ್‌ನಲ್ಲಿ ಅದು ಗಾಳಿ ತಣಿಸಿ ನಾಕ್ ತಡೆಯುವುದನ್ನು ನಾನೇ ಲಾಗ್‌ನಲ್ಲಿ ನೋಡಿದ್ದೇನೆ.

ನಡುವೆ ಒಂದು ಪ್ರಯೋಗ. ಬೆಳಗಾವಿ ಸಮುದ್ರ ಮಟ್ಟದಿಂದ 750 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ 14.7 ಅಲ್ಲ, 13.4 ಪಿಎಸ್‌ಐ ಆಸುಪಾಸು. ಬ್ಲೋವರ್ ಹೊರಗಿನ ಗಾಳಿಯ ಒತ್ತಡವನ್ನು ಇಷ್ಟು ಪಟ್ಟು ಮಾಡುತ್ತದೆಯೇ ಹೊರತು ಇಷ್ಟು ಪಿಎಸ್‌ಐ ಕೊಡುತ್ತೇನೆ ಅಂತ ಮಾತು ಕೊಟ್ಟಿಲ್ಲ. ಅದನ್ನು ನೋಡಲೆಂದೇ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋದೆ. ಊರಲ್ಲಿ ಹತ್ತೂವರೆ ಪಿಎಸ್‌ಐ ತೋರಿಸುತ್ತಿದ್ದ ಬೂಸ್ಟ್ ಮೀಟರ್ ಅಲ್ಲಿ ಹನ್ನೊಂದೂವರೆ. ಬೆಳಗಾವಿಯಲ್ಲಿ ಅಂಚಿಗೆ ತಂದು ಟ್ಯೂನ್ ಮಾಡಿ ಗೋವಾಕ್ಕೆ ಓಡುವ ಹುಡುಗರು ಇದನ್ನು ನೆನಪಿಡಬೇಕು. ನಾನು ಇಸಿಯು ಮ್ಯಾಪ್‌ನಲ್ಲಿ (ಟ್ಯೂನಿಂಗ್ ಲೆಕ್ಕದಲ್ಲಿ) ಅದಕ್ಕೆ ಜಾಗ ಬಿಟ್ಟಿದ್ದೇನೆ. ಗಾಳಿ ತಣಿಸಲು ವೈಪರ್ ವಾಷರ್ ಪಂಪ್‌ನಿಂದ ನೀರು ಸಿಂಪಡಿಸುವ ಪ್ರಯೋಗವನ್ನೂ ಮಾಡಿದೆ. ಆ ಒತ್ತಡಕ್ಕೆ ನೀರು ಮಂಜಾಗುವುದಿಲ್ಲ, ಹನಿಯಾಗಿಯೇ ಬೀಳುತ್ತದೆ. ಕೈಬಿಟ್ಟೆ.

ಪುಣೆಯ ಡೈನೋದಲ್ಲಿ (ಚಕ್ರದ ಶಕ್ತಿ ಅಳೆಯುವ ಯಂತ್ರ) ಏನಾಯಿತು ಅಂದರೆ, ಚಿಕ್ಕ ಪುಲ್ಲಿಯ ಎಂ45 ಮೊದಲ ಓಟದಲ್ಲಿ ಚಕ್ರದ ಹತ್ತಿರ 138 ಎಚ್‌ಪಿ ಕೊಟ್ಟಿತ್ತು, ಮೂರನೇ ಓಟಕ್ಕೆ 128ಕ್ಕೆ ಇಳಿದಿತ್ತು. ಎಂ62 ಮೊದಲು 183, ಮೂರನೆಯದು 180. ನನಗೆ ಆ ಮೂರನೇ ಅಂಕಿಯೇ ಮುಖ್ಯ. ಗಾಳಿಯ ಬಿಸಿ 55 ಡಿಗ್ರಿ ದಾಟಲಿಲ್ಲ. ಇನ್ನೂ ಏರಿಸಬಹುದಿತ್ತು. ಆದರೆ ಈ ಕಾರಿನ 722.6 ಗೇರ್‌ಬಾಕ್ಸ್‌ನ ಚಿಕ್ಕ ಆವೃತ್ತಿಗೆ 330 ನ್ಯೂಟನ್ ಮೀಟರ್ ಮಿತಿ. ನಾನು 300ರ ಆಸುಪಾಸಿನಲ್ಲಿ ನಿಲ್ಲಿಸಿದ್ದೇನೆ.

ದುಡ್ಡಿನ ಲೆಕ್ಕ ನೆನಪಿದ್ದ ಹಾಗೆ ಹೇಳುತ್ತೇನೆ. ಚೈನ್ ಕೆಲಸಕ್ಕೆ 50 ಸಾವಿರ, ಪ್ಯಾಟರ್ನ್ ಮತ್ತು ಕಾಸ್ಟಿಂಗ್‌ಗೆ 22, ಮಷಿನಿಂಗ್‌ಗೆ 15, ಪುಲ್ಲಿಗಳಿಗೆ 12, ಇಂಜೆಕ್ಟರ್ ಮತ್ತು ಪಂಪ್‌ಗೆ 35, ಟ್ಯೂನಿಂಗ್‌ಗೆ 45, ಡೈನೋಗೆ 12. ಬ್ಲೋವರ್, ಬೆಲ್ಟ್, ಹೋಸು, ಓಡಾಟ ಸೇರಿ ಎರಡೂವರೆ ಲಕ್ಷ ದಾಟಿತು. ಟರ್ಬೊ ಹಾಕಿಕೊಡಲು ಹೊರಗೆ ಕೇಳಿದ್ದು ನಾಲ್ಕೂವರೆ ಲಕ್ಷ, ಅದೂ ಚೈನ್ ಬಿಟ್ಟು.

ಎಲ್ಬೋ ಪ್ಯಾಟರ್ನ್ ಮೇಸ್ತ್ರಿಯ ಹತ್ತಿರವೇ ಇದೆ, ಎಂ271 ಇರುವ ಯಾರಾದರೂ ಸುರಿಸಿಕೊಳ್ಳಬಹುದು. ಮಳೆಗಾಲ ಬಿಟ್ಟು ಬನ್ನಿ, ದೀಪಾವಳಿ ಆದ ಮೇಲೆ ಒಳ್ಳೆಯದು.